ತಮ್ಮಡಿಯ ಬಲಗೈಗೆ ಕೋಲು ಕೊಟ್ಟದ್ದು

ಆಗ ನನಗೆ ಐವತ್ತಾರು. ಅದಾಗಿ ಆರು ವರ್ಷವಾಯಿತು. ಜಡೆಯ ತಮ್ಮಡಿ ಸೊಂಟ ಮುರಿದುಕೊಂಡ ವರ್ಷ ಅಂದರೆ ನಮ್ಮ ಬೆಟ್ಟದ ಕಡೆ ಈಗಲೂ ಯಾರಿಗಾದರೂ ಗೊತ್ತಾಗುತ್ತದೆ. ತಮ್ಮಡಿ ಅಂದರೆ ಕಾಡಿನ ಜನರ ಪೂಜಾರಿ. ಜೇನು ಕೀಳಲು ಎಂತೆಂಥಾ ಮರ ಹತ್ತಿ ಇಳಿದ ಮನುಷ್ಯ. ಬಿದ್ದದ್ದು ಮಾತ್ರ ತನ್ನ ಮನೆಯ ಮೊಳದೆತ್ತರದ ಜಗಲಿಯಿಂದ. ನಗಬಾರದು, ಆದರೂ ನಕ್ಕೆವು. ಅವನೂ ನಕ್ಕ, ಆಮೇಲೆ ನೋವಾಗಿ ನಿಲ್ಲಿಸಿದ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯರು, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಅಂತ ಪ್ರಾಣ ತಿಂದರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒತ್ತಕ್ಷರ ಬಂದರೆ ಪೆನ್ನು ಅಲ್ಲೇ ನಿಂತುಬಿಡುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ಇಲ್ಲದಿದ್ದರೆ ಬಿಡಿ.

ನಮ್ಮ ವ್ಯಾನು ತಾಳವಾಡಿಯಿಂದ ಹೊರಡುತ್ತಿತ್ತು. ನಡೆಯಲಾರದ ಮುದುಕರ ಮನೆಗೆ ಹೋಗುವುದು, ಕೋಲು ಬೇಕಾದವರಿಗೆ ಕೋಲು, ವಾಕರ್ ಬೇಕಾದವರಿಗೆ ವಾಕರ್ ಕೊಡುವುದು, ಅದನ್ನು ಹಿಡಿದು ಬೀಳದೆ ನಡೆಯುವುದನ್ನು ಕಲಿಸುವುದು. ನಾನು ಆಯಾ. ನನ್ನ ಮೇಲಿನವಳು ಸೆಲ್ವಿ, ಸತ್ಯಮಂಗಲದ ಕಡೆಯ ಹುಡುಗಿ, ಕೈಕಾಲು ಆಡಿಸಿ ನಡೆಸುವ ಓದು ಓದಿದವಳು. ವಯಸ್ಸಿನಲ್ಲಿ ನನ್ನ ಮಗಳು, ಕೋಪದಲ್ಲಿ ನನ್ನ ಅತ್ತೆ. ಅರ್ಧ ಕನ್ನಡ, ಅರ್ಧ ತಮಿಳು ಮಾತಾಡುತ್ತಿದ್ದಳು. ಬಯ್ಯುವಾಗ ಪೂರ್ತಿ ತಮಿಳು.

ಜಡೆಯನ ಹಟ್ಟಿ ಕಾಡಿನ ಅಂಚಿನಲ್ಲಿದೆ. ಅಲ್ಲಿ ಒಂದು ಪದ್ಧತಿ. ಮೊದಲ ಮಳೆ ಬಿದ್ದ ಮೇಲೆ ತಮ್ಮಡಿಯಾದವನು ಕೆಳಗಿನ ಒರತೆಯಿಂದ ಸೋರೆ ಬುರುಡೆಯಲ್ಲಿ ನೀರು ತುಂಬಿಕೊಂಡು, ಗುಡ್ಡ ಹತ್ತಿ, ದೇವರ ಕಲ್ಲಿನ ಮೇಲೆ ಸುರಿಯಬೇಕು. ಸುರಿಯುವ ತನಕ ಹಟ್ಟಿಯಲ್ಲಿ ಯಾರೂ ಒಂದು ಕಾಳು ರಾಗಿ ಬಿತ್ತುವುದಿಲ್ಲ. ಬುರುಡೆಯನ್ನು ದಾರಿಯಲ್ಲಿ ಕೆಳಗಿಡುವಂತಿಲ್ಲ, ಕೊರಳಿಗೆ ಕಟ್ಟಿಕೊಳ್ಳುವಂತಿಲ್ಲ, ಕೈಯಲ್ಲೇ ಇರಬೇಕು. ಯಾರೂ ಅವನನ್ನು ಹಿಡಿದುಕೊಳ್ಳುವಂತಿಲ್ಲ. ಅವನ ಕೈಲಾಗದಿದ್ದರೆ ಬುರುಡೆ ಅವನ ತಮ್ಮನ ಮಗ ಕೇತನಿಗೆ ಹೋಗುತ್ತದೆ. ಒಂದು ಸಲ ಹೋದರೆ ತಿರುಗಿ ಬರುವುದಿಲ್ಲ. ಜಡೆಯ ಆಪರೇಷನ್ ಆಗಿ ಮಂಚದ ಮೇಲೆ ಬಂದು ಬಿದ್ದಾಗ ಕೇಳಿದ್ದು ಒಂದೇ ಮಾತು.

"ಮಳ್ಗಾಲುಕ್ಕೆ ಬುರುಡೆ ಇಡ್ಕಂಡು ಗುಡ್ಡ ಅತ್ತುಸ್ತೀಯಾ, ನಿಂಗಮ್ಮ?"

ನಾನು ಆಗಲಿ ಅನ್ನಲಿಲ್ಲ. ಸೆಲ್ವಿ ಕಡೆ ನೋಡಿದೆ. ಅವಳೂ ಅನ್ನಲಿಲ್ಲ. ನಡೆಸಿ ನೋಡದೆ ಯಾರಿಗೂ ಮಾತು ಕೊಡಬಾರದು ಅಂತ ಅಷ್ಟರೊಳಗೆ ನಾವು ಕಲಿತಿದ್ದೆವು.

ಕಲಿಸಿದವಳು ಗೆಟ್ಟವಾಡಿಯ ಒಬ್ಬ ಅಜ್ಜಿ. ನಾವು ಅಳತೆ ತೆಗೆಯಲು ಹೋದ ದಿನ ಅವಳು ಮಂಚ ಬಿಟ್ಟು ಏಳಲೇ ಇಲ್ಲ, ನರಳಿದ್ದೇ ನರಳಿದ್ದು. ನಮಗೂ ಕರುಳು ಚುರ್ ಅಂದು ಒಂದು ವಾಕರ್ ಇಟ್ಟು ಬಂದೆವು. ಮುಂದಿನ ಸಲ ಹೋದರೆ ವಾಕರಿಗೆ ಕರು ಕಟ್ಟಿದ್ದಾಳೆ! ವಾಕರ್ ಅಂದರೆ ಏನು, ಹಗೂರ ಪೈಪು. ವ್ಯಾನಿನ ಹಾರನ್ನಿಗೆ ಕರು ಬೆದರಿ ವಾಕರ್ ಸಮೇತ ಓಡಿತು. ಹಿಂದಿನಿಂದ ಗಡಗಡ ಸದ್ದು ಬಂತಲ್ಲ, ಅದಕ್ಕೆ ಇನ್ನೂ ಬೆದರಿ ಇನ್ನೂ ಓಡಿತು. ಅಜ್ಜಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅದರ ಹಿಂದೆ.

"ಇಡ್ಕಳ್ರಲಾ! ಕರಾನ ಇಡ್ಕಳ್ರಲಾ, ನಿಮ್ ಮನೆ ಕಾಯ್ವೋಗಾ!"

ಚಾಮರಾಜನಗರದ ಬಸ್ಸು ಎದುರಿಗೆ ಬಂದು ನಿಂತಿತು. ಡ್ರೈವರು ಇಳಿದು ಹಿಡಿಯಲು ಹೋದರೆ ಅಜ್ಜಿ ಅವನನ್ನೂ ದಾಟಿಕೊಂಡು ಹೋಗಿ ಹಗ್ಗ ಹಿಡಿದಳು. ಸೆಲ್ವಿ ರಸ್ತೆ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಿಂಗಮ್ಮಕ್ಕಾ, ಈ ಪಾಟ್ಟಿಗೆ ವಾಕರ್ ಎದುಕ್ಕು?"

ಈ ಅಜ್ಜಿಗೆ ವಾಕರ್ ಯಾತಕ್ಕೆ ಅಂತ. ಅಜ್ಜಿ ಏದುಸಿರು ಬಿಡುತ್ತಾ ತಿರುಗಿ ಹೇಳಿದಳು, "ಕರ ಕಟ್ಟಾಕೆ ಗೂಟ ಇರ್ನಿಲ್ಲ ಕಣವ್ವ." ಆ ದಿನದಿಂದ ಸೆಲ್ವಿ ಹಾಕಿದ ಕಟ್ಟಳೆ: ನರಳಾಟ ಕೇಳಿ ಏನೂ ಕೊಡಬೇಡಿ, ಎಬ್ಬಿಸಿ ನಡೆಸಿ ನೋಡಿ ಕೊಡಿ. ಕಾಲು ಎರಡೂ ಸೋತವರಿಗೆ ವಾಕರ್, ಒಂದು ಸೋತವರಿಗೆ ಕೋಲು, ಕರುವಿಗೆ ಗೂಟ.

ತಿಗನಾರೆಯ ಇನ್ನೊಂದು ಮನೆ. ಅಲ್ಲಿನ ಮುದುಕನಿಗೆ ಒಳ್ಳೇ ಕೋಲು ಕೊಟ್ಟಿದ್ದೆವು, ತುದಿಗೆ ರಬ್ಬರ್ ಬುಷ್ ಹಾಕಿ. ಆ ರಬ್ಬರ್ ಇಲ್ಲದಿದ್ದರೆ ಕೋಲು ಕಲ್ಲಿನ ಮೇಲೆ ಜಾರುತ್ತದೆ. ಹೋದಾಗಲೆಲ್ಲ ಬುಷ್ ಇಲ್ಲ. ಹಾಕುತ್ತೇವೆ, ಮತ್ತೆ ಇಲ್ಲ. ಕೊನೆಗೆ ಒಂದು ದಿನ ಬಚ್ಚಲ ಕಲ್ಲಿನ ಮೇಲೆ ಕೋಲು ಜಾರಿ ಹಣೆಯಲ್ಲಿ ಮೊಟ್ಟೆಗಾತ್ರ ಬಾವು. ಸೆಲ್ವಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದಳು. ದೊಡ್ಡ ಸೊಸೆ ನೆಲ ನೋಡಿದಳು, ಚಿಕ್ಕ ಸೊಸೆ ಪುಸಕ್ಕನೆ ನಕ್ಕಳು.

"ಅದಿದ್ರೆ ಸದ್ದೇ ಆಗದಿಲ್ಲ ಕಣಕ್ಕ," ಅಂದಳು ಚಿಕ್ಕವಳು. "ನಾವಿಬ್ರೂ ಒಲೆ ಮುಂದ ಕುಂತ್ಕಂಡು ಮಾವನ್ನ ವಸಿ ಆಡ್ಕತಾ ಇರ್ತಿವಿ. ತಿರುಗ್ ನೋಡುದ್ರೆ ಇಂದ್ಗಡೇನೇ ನಿಂತದೆ ಮಾವ! ಟಕ್ ಟಕ್ ಅಂದ್ರೆ ತಾನೆ ನಮ್ಗೂ ಬಾಯಿ ಮುಚ್ಕಳಕೆ ಟೇಮು."

ಸೆಲ್ವಿ ಬಯ್ಯುತ್ತಾಳೆ ಅಂದುಕೊಂಡೆ. ಅವಳು ಯೋಚನೆ ಮಾಡಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ ಹಳೇ ಎತ್ತಿನ ಕೊರಳ ಗೆಜ್ಜೆ ಹುಡುಕಿ ತಂದು ಕೋಲಿನ ಕುತ್ತಿಗೆಗೆ ಕಟ್ಟಿದಳು. ಕೆಳಗೆ ರಬ್ಬರು, ಮೇಲೆ ಗೆಜ್ಜೆ. ಮಾವ ಗಲ್ ಗಲ್ ಅಂತ ಅಂಗಳ ಸುತ್ತಿ ಮದುವೆ ಗಂಡಿನ ಹಾಗೆ ಬೀಗಿದ. ಸೊಸೆಯರು ಹೊಟ್ಟೆ ಹಿಡಿದುಕೊಂಡು ಕೂತರು. ಯಾರು ಬುಷ್ ಕಿತ್ತರು ಅಂತ ಪತ್ತೆ ಮಾಡಿದರೆ ಸಾಲದು, ಯಾತಕ್ಕೆ ಕಿತ್ತರು ಅಂತ ಕೇಳಬೇಕು. ಇದನ್ನು ನನಗೆ ಸೆಲ್ವಿ ಕಲಿಸಿದಳು.

ಈಗ ಜಡೆಯನ ಹತ್ತಿರ ಬರುತ್ತೇನೆ.

ಮೊದಲು ವಾಕರ್ ಕೊಟ್ಟೆವು. ಅದನ್ನು ಅವನು ನಾಲ್ಕು ಕಾಲಿನ ಪ್ರಾಣಿ ಅಂತ ಕರೆದ. ಏಳುವಾಗ ಅದನ್ನೇ ಜಗ್ಗಿ ಏಳಲು ಹೋದ. ಪ್ರಾಣಿ ಅವನ ಮೇಲೇ ಬಿತ್ತು. ಮಂಚಕ್ಕೆ ಕೈಯೂರಿ ಏಳಬೇಕು, ಎದ್ದ ಮೇಲೆ ವಾಕರ್ ಹಿಡಿಯಬೇಕು. ಎಷ್ಟು ಸಲ ಹೇಳಿದರೂ ಜಗ್ಗುವುದೇ. ಅವನ ಹೆಂಡತಿ ಬೊಮ್ಮಿ ಮುದ್ದೆ ತಿರುವುವ ಕೋಲು ಹಿಡಿದು ಪಕ್ಕದಲ್ಲಿ ಕೂತಳು. ವಾಕರಿಗೆ ಕೈ ಹಾಕಿದರೆ ಕೈಗೆ ಒಂದು ಏಟು. ಹಾಗೆ ಕಲಿತ.

ಮೂಳೆ ಕೂಡಿತು, ಬಲ ಬಂತು, ಇನ್ನು ಕೋಲು ಸಾಕು ಅಂದಳು ಸೆಲ್ವಿ. ನೆಟ್ಟಗೆ ನಿಲ್ಲಿಸಿ ಕೈ ಇಳಿಬಿಡಿಸಿ ಅಳತೆ ಮಾಡಿದಳು. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಜಡೆಯನಿಗೆ ಎದೆಮಟ್ಟದ ಕೋಲು ಬೇಕಂತೆ. "ಇದೇನು ದನಾ ಕಾಯಾಕಾ?" ಅಂದೆ. ಗಿಡ್ಡ ಕೋಲಿಗೇ ಒಪ್ಪಿದ. ಮುರಿದದ್ದು ಎಡ ಸೊಂಟ, ಅದಕ್ಕೆ ಸೆಲ್ವಿ ಕೋಲನ್ನು ಬಲಗೈಗೆ ಕೊಟ್ಟಳು. ಅವನು ಎಡಗೈಗೆ ಹಾಕಿಕೊಂಡ. ಇವಳು ಬಲಗೈಗೆ. ಅವನು ಎಡಗೈಗೆ.

"ತಾತಾ, ರೈಟ್ ಕೈ! ರೈಟ್!"

"ಬಲಗೈ ದೇವ್ರುದು ಕಣವ್ವ. ಬುರುಡೆ ಇಡ್ಯ ಕೈ. ಮಣ್ಣು ಸಗಣಿ ತುಳ್ಯ ಕೋಲ್ನ ಅದ್ರಲ್ಲಿ ಇಡ್ದಾರಾ?"

ಹುಡುಗಿಯರೇ, ಇದನ್ನು ಗಟ್ಟಿ ಮಾಡಿಕೊಳ್ಳಿ: ನೋವಿರುವ ಕಾಲು ಯಾವ ಕಡೆಯೋ ಕೋಲು ಅದರ ಎದುರು ಕೈಗೆ. ಸುಮ್ಮನೆ ನಡೆಯುವಾಗಲೂ ಎಡಗಾಲು ಮುಂದೆ ಹೋದರೆ ಬಲಗೈ ತಾನಾಗಿ ಮುಂದೆ ಬೀಸುತ್ತದೆ, ಎದ್ದು ನಡೆದು ನೋಡಿ. ಎಡಗಾಲಿನ ಭಾರವನ್ನು ಬಲಗೈ ಕೋಲು ಹಂಚಿಕೊಳ್ಳುತ್ತದೆ. ಅದೇ ಪಕ್ಕಕ್ಕೆ ಹಿಡಿದರೆ ಮೈಯೆಲ್ಲ ಒಂದೇ ಕಡೆ ವಾಲುತ್ತದೆ. ಜಡೆಯ ಹಟಕ್ಕೆ ಎಡಗೈಯಲ್ಲೇ ಹಿಡಿದು ನಡೆದು ತೋರಿಸಿದ. ಒಂದು ಕಡೆ ಹೇರಿದ ಗಾಡಿ ಹಾಗೆ ವಾಲಿಕೊಂಡು ಹೋಗಿ ಸೌದೆ ಒಟ್ಟಿಲಿಗೆ ಬಿದ್ದ. ಬೊಮ್ಮಿ ಅವನನ್ನು ಎತ್ತುವ ಮೊದಲು ಸೌದೆ ಜೋಡಿಸಿದಳು.

ಅಂದರೆ ಬಲಗೈಯಲ್ಲಿ ಕೋಲಿದ್ದರೆ ಬುರುಡೆ ಇಲ್ಲ. ಬಲಗೈಯಲ್ಲಿ ಬುರುಡೆ ಇದ್ದರೆ ಅವನು ಗುಡ್ಡದಿಂದ ಉರುಳುತ್ತಾನೆ. ಮೋಡ ಆಗಲೇ ಕಟ್ಟುತ್ತಿತ್ತು.

ಬುರುಡೆಯನ್ನು ಎಡಗೈಗೆ ಕೊಡಬಹುದಾ ಅಂತ ಕೇಳಲು ಹಟ್ಟಿಯ ಜನ ಮರದ ಕೆಳಗೆ ಕೂತರು. ಕೇತ ಎದ್ದು ನಿಂತ. ಕೆಟ್ಟವನಲ್ಲ, ಹೆದರುಪುಕ್ಕಲ. ಬುರುಡೆ ತನಗೆ ಬರಲಿ ಅನ್ನುವ ಆಸೆಯೂ ಅವನಿಗಿರಲಿಲ್ಲ.

"ದೊಡ್ಡಪ್ಪ ಬುರುಡೇನ ಎಡಗೈಲಿ ಇಡ್ಕಂಡೋದ್ರೆ, ನಾಳ ರಾಗಿ ಉಟ್ದೇ ಓದ್ರೆ ಯಾರ್ ಯೋಳದು?" ಅಂದ.

ಬೊಮ್ಮಿ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ನಿನ್ ತಾತ್ನ ಮರ್ತ್ಯಾ? ಕರಡಿ ಬಲಗೈನ ಅಗ್ದಾಕಿತ್ತು. ಬದ್ಕಿರಗಂಟ ಎಡಗೈಲೇ ಬುರುಡೆ ಒತ್ಕಂಡೋದ. ರಾಗಿ ಉಟ್ನಿಲ್ವಾ? ನೀನು ಉಟ್ನಿಲ್ವಾ?"

ಜನ ಘೊಳ್ಳನೆ ನಕ್ಕರು. ಕೇತ ಬಿಡಲಿಲ್ಲ. "ಅವ್ನಿಗೆ ಬಲಗೈ ಇರ್ನಿಲ್ಲ, ದೇವ್ರು ಒಟ್ಟೆಗಾಕತು. ಇವ್ನಿಗೆ ಅದೆಯಲ್ಲ?"

ಅದೂ ನ್ಯಾಯವೇ. ಹಾಗಾದರೆ ಹೂ ಕೇಳೋಣ ಅಂತಾಯಿತು. ಮರದ ಬುಡದಲ್ಲಿ ಒಂದು ಸಣ್ಣ ದೇವರ ಕಲ್ಲಿದೆ. ಅದರ ಬಲಕ್ಕೊಂದು ಎಡಕ್ಕೊಂದು ಹೂ ಅಂಟಿಸುತ್ತಾರೆ. ಯಾವುದು ಮೊದಲು ಬೀಳುತ್ತದೋ ಆ ಕಡೆ ಅಪ್ಪಣೆ. ಬಲದ್ದು ಬಿದ್ದರೆ ಕೋಲು ಬಲಗೈಗೆ. ಎಡದ್ದು ಬಿದ್ದರೆ ಕೋಲು ಎಡಗೈಗೆ, ಅಂದರೆ ಜಡೆಯ ಹತ್ತುವ ಹಾಗಿಲ್ಲ. ಹೂ ಇಡಬೇಕಾದವನು ತಮ್ಮಡಿ. ಆದರೆ ತನ್ನ ಕೋಲಿಗೆ ತಾನೇ ಹೂ ಕೇಳಲು ಬರುತ್ತದಾ? ಕೇತನೂ ಇಡುವಂತಿಲ್ಲ, ಬೊಮ್ಮಿಯೂ ಇಡುವಂತಿಲ್ಲ. ಯಾರ ಕಡೆಯವಳೂ ಅಲ್ಲದವಳು ಅಂತ ಸೆಲ್ವಿಯನ್ನು ಎಬ್ಬಿಸಿದರು. ಅವಳ ಮುಖ ನೋಡಬೇಕಿತ್ತು! ಓದಿದ ಓದಿನಲ್ಲಿ ಇದಿರಲಿಲ್ಲ. ಚಪ್ಪಲಿ ಬಿಟ್ಟು, ಕೈತೊಳೆದು, ತಮಿಳಿನಲ್ಲಿ ತನ್ನ ದೇವರಿಗೆ ಏನೋ ಗುಟ್ಟಾಗಿ ಹೇಳಿಕೊಂಡು ಎರಡು ಹೂ ಅಂಟಿಸಿದಳು.

ಕೂತೆವು. ಹೂ ಬೀಳಲಿಲ್ಲ. ಗಾಳಿ ಬಂತು, ಬೀಳಲಿಲ್ಲ. ಜಡೆಯ ಕಣ್ಣು ಮುಚ್ಚಿ ಕೋಲಿನ ಮೇಲೆ ಗದ್ದ ಇಟ್ಟಿದ್ದ. ಸೆಲ್ವಿ ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು.

ಆಗ ಬಂತು ಒಂದು ಮೇಕೆ. ಯಾರ ಹಂಗೂ ಇಲ್ಲದೆ ಜನರ ನಡುವೆ ನುಗ್ಗಿ ಬಂದು ಬಲಗಡೆಯ ಹೂವನ್ನು ಕಿತ್ತು ತಿಂದಿತು. ನಮ್ಮನ್ನೆಲ್ಲ ಒಂದು ಸುತ್ತು ನೋಡುತ್ತಾ ಮೆದ್ದಿತು.

ಕೇತ ಹಾರಿ ಎದ್ದ. "ತಿಂದದ್ದು ಲೆಕ್ಕ ಇಲ್ಲ! ಹೂ ಬೀಳ್ಬೇಕು!"

"ಕಲ್ಲಿನ್ ಮ್ಯಾಲದಾ?" ಅಂದಳು ಬೊಮ್ಮಿ.

"ಇಲ್ಲ..."

"ಮತ್ತ? ಬಿತ್ತು ಬುಡು. ಒಟ್ಟೆ ಒಳಕ್ಕೆ ಬಿತ್ತು."

"ಮೇಕ ತಿನ್ನದ್ಕೂ ದೇವ್ರ್ ಕೊಡದ್ಕೂ ಯತ್ವಾಸ ಇಲ್ವಾ?"

"ಅಂಗಾರ ಯೋಳು, ಮೇಕ ಯಾರ್ದು?"

ಕೇತ ಬಗ್ಗಿ ನೋಡಿದ. ಅವನ ಮುಖ ಬದಲಾಯಿತು. "ನಂದೇಯ," ಅಂದ.

ಆ ನಗು ಇದೆಯಲ್ಲ, ನಾನು ಹುಟ್ಟಿದಾಗಿನಿಂದ ಅಂಥ ನಗು ಕೇಳಿಲ್ಲ. ಮುದುಕರು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬಳಿಗೆ ಬಿಕ್ಕಳಿಕೆ ಹಿಡಿಯಿತು. ಬೊಮ್ಮಿ ಮೇಕೆಯ ಕೊರಳು ತಬ್ಬಿ, "ನಿನ್ ಮೇಕನೇ ಸಾಕ್ಸಿ ಯೋಳ್ತು ಕಣ್ಲಾ ಕೇತಾ!" ಅಂತ ಕೂಗಿದಳು. ಕೇತನೂ ತಡೆಯಲಾರದೆ ನಕ್ಕುಬಿಟ್ಟ. ಹೆದರಿಕೆ ಬಿಟ್ಟವನ ನಗು ಅದು. ಸೆಲ್ವಿಗೆ ಅರ್ಧ ಅರ್ಥವಾಗಿತ್ತು, ನಕ್ಕದ್ದು ಮಾತ್ರ ಪೂರ್ತಿ.

ಅಪ್ಪಣೆ ಆಯಿತು. ಇನ್ನು ಹತ್ತುವುದೊಂದೇ ಬಾಕಿ.

ಸೆಲ್ವಿ ಪಾಠ ಶುರು ಮಾಡಿದಳು. ಸಮ ನೆಲದಲ್ಲಿ ಕೋಲು, ನೋವಿನ ಕಾಲು, ಆಮೇಲೆ ಒಳ್ಳೇ ಕಾಲು. ಅದನ್ನು ಅವಳು ತಮಿಳು ಬೆರೆಸಿ ಹಾಡಿನ ಹಾಗೆ ಹೇಳುತ್ತಿದ್ದಳು: "ಕೋಲು, ಕೆಟ್ಟದು, ನಲ್ಲದು." ಹತ್ತುವಾಗ ಬೇರೆ ಲೆಕ್ಕ, ಒಳ್ಳೇ ಕಾಲೇ ಮೊದಲು ಮೇಲಕ್ಕೆ: "ನಲ್ಲದು, ಕೋಲು, ಕೆಟ್ಟದು." ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ಜಡೆಯ ಎಡಗೈಯಲ್ಲಿ ತುಂಬಿದ ಬುರುಡೆ ಹಿಡಿದು ನಡೆದು ನಡೆದು ತಾನೂ ನೆನೆದ, ನಮ್ಮನ್ನೂ ನೆನೆಸಿದ. ಹಟ್ಟಿಗೆ ಆ ಹಾಡು ರೋಗದ ಹಾಗೆ ಅಂಟಿತು. ಹೆಂಗಸರು ನೀರಿಗೆ ಹೋಗುವಾಗ ನಲ್ಲದು ಕೆಟ್ಟದು, ಮಕ್ಕಳು ಕುಂಟಾಟ ಆಡುವಾಗ ನಲ್ಲದು ಕೆಟ್ಟದು. ಕಾಲು ಗಟ್ಟಿಯಿದ್ದ ಗಂಡಸರೂ ಕುಂಟಿಕೊಂಡು ಓಡಾಡಿದರು. ಬೊಮ್ಮಿ ಗಂಡನನ್ನು ಬಯ್ಯಬೇಕಾದರೆ, "ಬಾರೋ ಕೆಟ್ಟದೇ," ಅನ್ನುತ್ತಿದ್ದಳು.

ಮಳೆ ಬಿತ್ತು. ಪೂಜೆಯ ದಿನ ಬೆಳಗಿನ ಹೊತ್ತು, ನೆಲ ಹಸಿ. ನನಗೆ ಅದೇ ಭಯ. ಸೆಲ್ವಿ ಕೋಲಿಗೆ ಹೊಸ ರಬ್ಬರ್ ಹಾಕಿ, ದಾರಿಯ ಸಡಿಲ ಕಲ್ಲನ್ನೆಲ್ಲ ಕೇತನ ಕೈಯಲ್ಲೇ ಎತ್ತಿ ಹಾಕಿಸಿದ್ದಳು. ಜಡೆಯ ಒರತೆಯಲ್ಲಿ ಬುರುಡೆ ತುಂಬಿದ. ಎಡಗೈಗೆ ಬುರುಡೆ, ಬಲಗೈಗೆ ಕೋಲು. ನಾನು ಅವನ ಎಡಕ್ಕೆ, ಒಂದು ಹೆಜ್ಜೆ ಹಿಂದೆ. ಬೇರೆ ಮನೆಯಲ್ಲಾಗಿದ್ದರೆ ಸೊಂಟದ ಪಂಚೆ ಹಿಡಿದಿರುತ್ತಿದ್ದೆ. ಇಲ್ಲಿ ಮುಟ್ಟುವಂತಿಲ್ಲ. ಎರಡು ಕೈ ಅಗಲಿಸಿಕೊಂಡು, ಕೋಳಿ ಹಿಡಿಯುವವಳ ಹಾಗೆ ಹೊರಟೆ.

ಹತ್ತಿದ. ಏದುಸಿರು ಬಂದಾಗ ನಿಂತ, ಬುರುಡೆ ಇಳಿಸಲಿಲ್ಲ. ನೀರು ತುಳುಕಿ ತೊಡೆಯ ಮೇಲೆ ಹರಿಯಿತು. ದೇವರ ಕಲ್ಲಿನ ಮುಂದೆ ಕೊನೆಗೊಂದು ಬಂಡೆಮೆಟ್ಟಿಲು, ಮೊಣಕಾಲೆತ್ತರ. ಅಲ್ಲಿ ದೇವರು ಕಂಡದ್ದೇ ತಡ, ಮುದುಕ ಪಾಠ ಮರೆತ. ಎಡಗಾಲು ಎತ್ತಿದ! ನೋವಿನ ಕಾಲು! ಅದರ ಮೇಲೆ ಮೈಭಾರ ಹಾಕಿ ಏಳಲು ಹೋದರೆ ಕಾಲು ಕುಸಿಯುತ್ತದೆ, ಹಿಂದೆ ಬರೀ ಇಳಿಜಾರು.

ಪೂಜೆಯಲ್ಲಿ ಆ ಹೊತ್ತು ಯಾರೂ ಸದ್ದು ಮಾಡಬಾರದು. ಕೇತನೇ ಮೊದಲು ಕಿರುಚಿದ.

"ನಲ್ಲದು! ದೊಡ್ಡಪ್ಪಾ, ನಲ್ಲದು!"

ಮರುಗಳಿಗೆಗೆ ಹಟ್ಟಿಗೆ ಹಟ್ಟಿಯೇ ಕೂಗಿತು. "ನಲ್ಲದು! ನಲ್ಲದು! ನಲ್ಲದು!" ತಮಟೆಯವನು ಅದಕ್ಕೇ ತಾಳ ಹಾಕಿಬಿಟ್ಟ. ಜಡೆಯ ಎತ್ತಿದ ಕಾಲನ್ನು ಕೆಳಗಿಟ್ಟ. ಕೋಲು ಊರಿ, ಬಲಗಾಲು ಮೇಲಿಟ್ಟ. ಕೋಲು. ಕೆಟ್ಟದು. ನಿಂತ. ಪಕ್ಕದ ಬಂಡೆಗೆ ಮೈ ಆನಿಸಿ, ಕೋಲಿನ ಬಾಗಿದ ಹಿಡಿಯನ್ನು ತೋಳಿಗೆ ನೇತುಹಾಕಿ, ಬುರುಡೆಯನ್ನು ಬಲಗೈಗೆ ತೆಗೆದುಕೊಂಡು ಸುರಿದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿಹೋಗಿತ್ತು. ದೇವರು ಅಳತೆ ಕೇಳಲಿಲ್ಲ.

ಆಮೇಲೆ ಕುಣಿತ. ಸೆಲ್ವಿ ಕುಣಿದಳು, ನಾನು ಕುಣಿದೆ, ವ್ಯಾನಿನ ಡ್ರೈವರು ಕುಣಿದ. ಜಡೆಯ ಕಲ್ಲಿನ ಮೇಲೆ ಕೂತು ಕೋಲಿನಲ್ಲಿ ನೆಲ ಕುಟ್ಟಿದ. ಬೊಮ್ಮಿ ಅವನ ಎದುರು ನಿಂತು, "ಇನ್ನ ಜಗ್ಲಿ ಇಳ್ಯಾಗ್ಲೂ ವಸಿ ನೋಡ್ಕಂಡ್ ಇಳಿ," ಅಂದಳು. ಅಷ್ಟೇ ಅವಳ ಮಂಗಳಾರತಿ.

ಗುಡ್ಡ ಇಳಿಯುವಾಗ ಸೆಲ್ವಿ ನನ್ನ ತೋಳು ತಿವಿದಳು. "ಅಕ್ಕಾ, ಅಂಗೆ ಪಾರು." ಅಲ್ಲಿ ನೋಡು ಅಂತ. ನೋಡಿದೆ. ನಾವು ಕೊಟ್ಟ ಕೋಲನ್ನು ನಾಚಿಕೆಯಿಂದ ಮೂಲೆಗೆ ಎಸೆದಿದ್ದ ಹಟ್ಟಿಯ ಮುದುಕ ಮುದುಕಿಯರೆಲ್ಲ ಈಗ ಕೋಲು ಈಚೆಗೆ ತಂದು ಠೀವಿಯಲ್ಲಿ ನಡೆಯುತ್ತಿದ್ದಾರೆ. ಸಂತೋಷವೇ. ಆದರೆ ಎಲ್ಲರದ್ದೂ ಬಲಗೈಯಲ್ಲಿ! ಎಡಗಾಲು ನೋವಿನವರದ್ದೂ ಬಲಗೈ, ಬಲಗಾಲು ನೋವಿನವರದ್ದೂ ಬಲಗೈ. ದೇವರು ಹೂ ಕೊಟ್ಟಿದ್ದಾನಲ್ಲ. ಸೆಲ್ವಿ ಅಲ್ಲೇ ಕೂಗಲು ಬಾಯಿ ತೆಗೆದಳು. ತಮಟೆ ಸದ್ದಿನಲ್ಲಿ ಯಾರು ಕೇಳುತ್ತಾರೆ, ಇವತ್ತು ಬಿಡು ಅಂದೆ.

ಮಾರನೇ ದಿನ ಬೆಳಿಗ್ಗೆ ಗಂಜಿ ಕುಡಿದು ಮತ್ತೆ ಹಟ್ಟಿಗೆ ಹತ್ತಿದೆ. ಮೊದಲನೇ ಮನೆ ಮಾದಮ್ಮನದು, ಅವಳಿಗೆ ನೋವು ಬಲ ಮಂಡಿ. ಕೋಲು ಬಲಗೈಯಲ್ಲಿ ಹಿಡಿದು, ವಾಲಿಕೊಂಡು, ನಗುನಗುತ್ತಾ ಎದುರಿಗೆ ಬಂದಳು. ಕೋಲು ಕಿತ್ತುಕೊಂಡು ಎಡಗೈಗೆ ತುರುಕಿದೆ.

"ದೇವ್ರು ಬಲ ಅಂದದೆ," ಅಂದಳು.

"ಅದು ಜಡೆಯನ್ಗೆ ಅಂದದ್ದು ಕಣಮ್ಮಿ. ನಿಂಗೆ ನಾನು ಯೋಳ್ತಾ ಇವ್ನಿ," ಅಂದೆ. ಅವಳನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ, ಮುಂದಿನ ಮನೆಗೆ ಹೋದೆ.